ಕತ್ತರಿಸಿದ ಮೂರು ನಿಮಿಷ

ಎಲ್ಲದಕ್ಕೂ ಮೂಲ ಒಂದು ಹೆಬ್ಬೆರಳು.

ಕನ್ನಡಕದಂಗಡಿಯಲ್ಲಿ ಚೌಕಟ್ಟಿಗೆ ಗಾಜು ಕೂರಿಸುವ ಕೆಲಸ ಅವನದು. ಊರಿನ ಅರ್ಧ ಜನಕ್ಕೆ ಲೋಕವನ್ನು ನಿಚ್ಚಳವಾಗಿ ತೋರಿಸಿಕೊಟ್ಟ ಕೈ ಅದು. ಆದರೆ ಅದೇ ಕೈ ಫೋನು ಹಿಡಿದು ವಿಡಿಯೋ ತೆಗೆಯಲು ಹೊರಟರೆ ಲೋಕವೇ ಮಸುಕಾಗಿಬಿಡುತ್ತಿತ್ತು. ಭಾವಮೈದ ಹೊಸ ಅಂಗಡಿ ತೆರೆದ ದಿನ ಹದಿನಾಲ್ಕು ನಿಮಿಷದ ವಿಡಿಯೋ ತೆಗೆದಿದ್ದ. ಭಾವಮೈದ ಕತ್ತರಿ ಎತ್ತಿ ರಿಬ್ಬನ್ನಿಗೆ ಹಾಕುವ ಹೊತ್ತಿಗೆ ಸರಿಯಾಗಿ ತೆರೆಯ ಎಡಮೂಲೆಯಿಂದ ಕೆಂಪಗೆ, ದುಂಡಗೆ, ಸೂರ್ಯೋದಯದಂತೆ ಏನೋ ಮೇಲೇರಿ ಬಂತು. ರಿಬ್ಬನ್ನೂ ಕಾಣಲಿಲ್ಲ, ಭಾವಮೈದನೂ ಕಾಣಲಿಲ್ಲ. ಉಳಿದ ಒಂಬತ್ತು ನಿಮಿಷ ಆ ಹೆಬ್ಬೆರಳೇ ಕಥಾನಾಯಕ. ಅಂದಿನಿಂದ ನೆಂಟರಿಗೆ, ಅಂಗಡಿಯವರಿಗೆ, ಕಟ್ಟಡದ ನಾಲ್ಕೂ ಅಂತಸ್ತಿನವರಿಗೆ ಅವನು ಹೆಬ್ಬೆರಳಪ್ಪ.

ಮಾನ ಮರಳಿ ಗಳಿಸಬೇಕೆಂದು ಅವನು ಪಾಠಕ್ಕೆ ಸೇರಿಕೊಂಡ. ಪಾಠ ಹೇಳುವ ಮೇಷ್ಟ್ರು ಇದ್ದದ್ದು ಫೋನಿನೊಳಗೆ. ಮೂರು ವಾರ, ದಿನಕ್ಕೊಂದು ಪಾಠ. ಫೋನು ಅಡ್ಡ ಹಿಡಿ. ಮೊಣಕೈ ಪಕ್ಕೆಗೆ ಒತ್ತಿಕೋ. ಮಾತಾಡುವವರ ಮುಖ ಕಿಟಕಿಯ ಕಡೆಗಿರಲಿ. ತೆರೆ ನೋಡುತ್ತ ನಿಲ್ಲಬೇಡ, ಅವರ ಕಣ್ಣು ನೋಡು. ಆಗಲೇ ಅವರು ಮನಬಿಚ್ಚಿ ಮಾತಾಡುವುದು. ಕೊನೆಯ ಪಾಠವನ್ನು ಮೇಷ್ಟ್ರು ಮೇಜು ಕುಟ್ಟಿ ಹೇಳಿದ್ದರು: ಕತ್ತರಿಸು. ಬೇಡದ್ದನ್ನೆಲ್ಲ ಕತ್ತರಿಸು. ಕನಿಕರ ತೋರಿಸಿದವನ ವಿಡಿಯೋವನ್ನು ಯಾರೂ ಪೂರ್ತಿ ನೋಡುವುದಿಲ್ಲ.

ಅಭ್ಯಾಸಕ್ಕೆಂದು ಅವನು ಮನೆಯ ನಲ್ಲಿಯ ವಿಡಿಯೋ ತೆಗೆದ, ಬಾಗಿಲ ಬಳಿಯ ಚಪ್ಪಲಿಗಳನ್ನು ತೆಗೆದ, ಹೆಂಡತಿ ತರಕಾರಿ ಹೆಚ್ಚುವುದನ್ನು ಆರು ಕೋನಗಳಿಂದ ತೆಗೆದ. ಏಳನೇ ಕೋನಕ್ಕೆಂದು ಮೇಜಿನ ಕೆಳಗೆ ತೂರಿದಾಗ ಹೆಂಡತಿ, "ರೀ, ಚಾಕು ಕೈಯಲ್ಲಿದೆ, ನೆನಪಿರ್ಲಿ" ಎಂದಳು. ಅಲ್ಲಿಗೆ ಅಭ್ಯಾಸ ಸಾಕೆನಿಸಿತು.

ಸಂದರ್ಭವೂ ಒದಗಿ ಬಂತು. ಮೊದಲನೇ ಅಂತಸ್ತಿನ ಸಿಸ್ಟರಮ್ಮ ಆಸ್ಪತ್ರೆಯ ಕೆಲಸದಿಂದ ನಿವೃತ್ತರಾಗಿ, ತಂಗಿಯಿರುವ ಊರಿಗೆ ಹೊರಟಿದ್ದರು. ಕಟ್ಟಡದಲ್ಲಿ ಅವರ ಸೂಜಿ ಚುಚ್ಚಿಸಿಕೊಳ್ಳದ ತೋಳಿಲ್ಲ, ಅವರು ಕೈಹಿಡಿದು ನಾಡಿ ನೋಡದ ಮನೆಯಿಲ್ಲ. ಶನಿವಾರ ಸಂಜೆ ಆರಕ್ಕೆ ಸಾಮಾನಿನ ವ್ಯಾನು. ಐದಕ್ಕೆ ಕೆಳಗಡೆ ವಾಹನ ನಿಲ್ಲಿಸುವ ಜಾಗದಲ್ಲಿ ಸಣ್ಣ ಬೀಳ್ಕೊಡುಗೆ; ಎಲ್ಲರ ಕೃತಜ್ಞತೆಯ ಮಾತುಗಳ ಒಂದು ವಿಡಿಯೋ ತೋರಿಸುವುದೆಂದು ತೀರ್ಮಾನವಾಯಿತು. ತೆಗೆಯುವವರು ಯಾರು ಎಂಬ ಪ್ರಶ್ನೆ ಬಂದಾಗ ಹೆಬ್ಬೆರಳಪ್ಪ ಕೈಯೆತ್ತಿದ. ಕಟ್ಟಡದ ಕಾರ್ಯದರ್ಶಿ ಆ ಕೈಯ ಹೆಬ್ಬೆರಳನ್ನೇ ಒಂದು ಕ್ಷಣ ನೋಡಿ, "ಬೇರೆ ಯಾರೂ ಇಲ್ವಾ?" ಎಂದರು. ಬೇರೆ ಯಾರೂ ಇರಲಿಲ್ಲ.

ಅವನಿಗೆ ಈ ಕೆಲಸ ಬೇಕಾಗಿದ್ದದ್ದು ಬರೀ ಮಾನಕ್ಕಾಗಿ ಅಲ್ಲ. ಏಳು ವರ್ಷದ ಹಿಂದೆ ವಿಷಮಜ್ವರದಲ್ಲಿ ಅವನು ಸಿಸ್ಟರಮ್ಮನ ವಾರ್ಡಿನಲ್ಲೇ ಐದು ದಿನ ಸರಿಯಾಗಿ ಎಚ್ಚರವಿಲ್ಲದೆ ಬಿದ್ದಿದ್ದ. ಹೆಂಡತಿಗೆ ಆಗ ಎಂಟು ತಿಂಗಳು. ಬಸುರಿಯೆಂದು ವಾರ್ಡಿನೊಳಗೆ ಬಿಟ್ಟಿರಲಿಲ್ಲ, ಹೊರಗಿನ ಬೆಂಚೇ ಅವಳ ಮನೆ. ಒಳಗೆ ಅವನ ಹಣೆಯ ಮೇಲೆ ಯಾರೋ ಒದ್ದೆ ಬಟ್ಟೆ ಬದಲಾಯಿಸುತ್ತಲೇ ಇದ್ದರು. ಮುಖಕ್ಕೆ ಮಾಸ್ಕು, ಮೇಲೆ ಎರಡು ಕಣ್ಣು, ಮೆತ್ತಗಿನ ಒಂದು ದನಿ: "ಕಣ್ಣು ಬಿಡಪ್ಪಾ, ಹೊರಗೆ ನಿನ್ನ ಹೆಂಡತಿ ಕಾಯ್ತಿದಾಳೆ." ಆರನೇ ದಿನ ಕಣ್ಣು ಬಿಟ್ಟಾಗ ಮಾಸ್ಕು ಹಾಕಿಕೊಂಡ ಸಿಸ್ಟರಮ್ಮ ಎದುರಿಗೆ ನಿಂತಿದ್ದರು. ಅಂದಿನಿಂದ ಅವರ ಕನ್ನಡಕದ ಸ್ಕ್ರೂ ಸಡಿಲವಾದಾಗಲೆಲ್ಲ ಓಡಿಹೋಗಿ ಬಿಗಿ ಮಾಡಿಕೊಡುತ್ತಿದ್ದ. ಆದರೆ ಬಾಯಿಬಿಟ್ಟು ಒಂದು ಮಾತು ಹೇಳಿರಲಿಲ್ಲ. ಹೇಳಲೆಂದು ಹೋದವನು "ಸ್ಕ್ರೂ ಸರಿ ಇದೆಯಾ ಅಕ್ಕಾ?" ಎಂದು ಕೇಳಿ ವಾಪಸು ಬರುತ್ತಿದ್ದ.

ಶನಿವಾರ ಅಂಗಡಿಗೆ ರಜೆ ಹಾಕಿ, ಫೋನನ್ನು ಗುಂಡಿಯಿರುವ ಹೊಸ ಸೆಲ್ಫಿ ಕೋಲಿಗೆ ಸಿಕ್ಕಿಸಿದ. ಗುಂಡಿ ಒಮ್ಮೆ ಒತ್ತಿದರೆ ಶುರು, ಇನ್ನೊಮ್ಮೆ ಒತ್ತಿದರೆ ನಿಲುಗಡೆ. ಸರಿ ಇದೆಯೇ ಎಂದು ಮನೆಯಲ್ಲೇ ಒತ್ತಿ ನೋಡುತ್ತಿರುವಾಗ ಹೆಂಡತಿ, "ರೀ, ಹೋಗೋಕೆ ಮುಂಚೆ ಮೇಲಿನ ಡಬ್ಬ ಇಳಿಸಿಕೊಟ್ಟು ಹೋಗಿ" ಎಂದಳು. ಇಳಿಸಿಕೊಟ್ಟು, ಕೋಲು ಹೆಗಲಿಗೇರಿಸಿ ಹೊರಟ. ಗುಂಡಿಯನ್ನು ಎರಡನೇ ಸಲ ಒತ್ತಿರಲಿಲ್ಲ.

ಮೂರನೇ ಅಂತಸ್ತಿನ ಕಾರ್ಯದರ್ಶಿಗಳು ಮೇಲೆ ಕೋಟು, ಕೆಳಗೆ ಪೈಜಾಮ ಹಾಕಿಕೊಂಡು ಕಾಯುತ್ತಿದ್ದರು.

"ಸೊಂಟದಿಂದ ಮೇಲೆ ಮಾತ್ರ ತಾನೇ?"

"ಮೇಲೆ ಮಾತ್ರ ಸಾರ್. ಕಿಟಕಿ ಕಡೆ ಮುಖ ಮಾಡಿ. ಹಾಂ, ಶುರು!"

ಗುಂಡಿ ಒತ್ತಿದ. ಕಾರ್ಯದರ್ಶಿಗಳು ಗಂಟಲು ಸರಿಮಾಡಿಕೊಂಡು, "ಸನ್ಮಾನ್ಯ ಸಿಸ್ಟರ್‌ರವರ ನಿಸ್ವಾರ್ಥ ಸೇವೆಯು ಈ ಕಟ್ಟಡದ ಚರಿತ್ರೆಯಲ್ಲಿ ಸುವರ್ಣಾಕ್ಷರಗಳಿಂದ..." ಎಂದು ಆರಂಭಿಸಿ ನಾಲ್ಕು ನಿಮಿಷ ಓದಿದರು. ಹೆಬ್ಬೆರಳಪ್ಪ ಪಾಠದಂತೆ ತೆರೆ ನೋಡದೆ ಅವರ ಕಣ್ಣನ್ನೇ ನೋಡಿದ. ಮುಗಿದ ಮೇಲೆ ಗುಂಡಿ ಒತ್ತಿದ. ಕಾರ್ಯದರ್ಶಿಗಳು ಕೋಟು ಬಿಚ್ಚಿ ಕುರ್ಚಿಗೆ ಎಸೆದು, "ಅಲ್ಲಪ್ಪಾ, ನಮ್ಮಮ್ಮ ಹಾಸಿಗೆ ಹಿಡಿದಾಗ ಎಂಟು ತಿಂಗಳು ದಿನಾ ಬಂದು ಸೂಜಿ ಹಾಕಿದ್ರು. ಒಂದು ದಿನಾನೂ ತಪ್ಪಿಸ್ಲಿಲ್ಲ. ಅಮ್ಮ ನನ್ನ ಹೆಸರು ಮರೆತ್ರು, ಅವರ ಹೆಸರು ಮರೀಲಿಲ್ಲ. ಅದನ್ನೆಲ್ಲ ಹೇಗಪ್ಪಾ ಹೇಳೋದು?" ಎಂದು ಮೂಗು ಒರೆಸಿಕೊಂಡರು.

"ನಿಜ ಸಾರ್" ಎಂದು ಹೇಳಿ ಅವನು ಎರಡನೇ ಅಂತಸ್ತಿಗೆ ಇಳಿದ.

ಅಲ್ಲಿ ಲೆಕ್ಕದ ಮೇಷ್ಟ್ರು ಮಾತನ್ನು ಏಳು ಅಂಶಗಳಾಗಿ ವಿಂಗಡಿಸಿ ಹಾಳೆಯಲ್ಲಿ ಬರೆದುಕೊಂಡಿದ್ದರು. ಮೂರನೇ ಅಂಶದ ಹೊತ್ತಿಗೆ ಅಡುಗೆಮನೆಯಲ್ಲಿ ಕುಕ್ಕರು ಕೂಗಿತು, ಮತ್ತೆ ಒಂದರಿಂದ. ಐದನೇ ಅಂಶದಲ್ಲಿ ಫೋನು ಬಂತು, ಮತ್ತೆ ಒಂದರಿಂದ. ಏಳೂ ಮುಗಿದು ಹೆಬ್ಬೆರಳಪ್ಪ ಗುಂಡಿ ಒತ್ತಿದ ಮೇಲೆ ಮೇಷ್ಟ್ರ ಹೆಂಡತಿ ಸೌಟು ಹಿಡಿದುಕೊಂಡೇ ಬಂದರು.

"ಏಳು ಅಂಶದಲ್ಲಿ ಅಸಲು ವಿಷಯಾನೇ ಇಲ್ವಲ್ರೀ. ಆಪರೇಷನ್ ಆದ್ಮೇಲೆ ನಾನಿನ್ನು ನಡೆಯಲ್ಲ ಅಂತ ಗೋಡೆ ಕಡೆ ತಿರುಗಿ ಮಲಗಿದ್ರಿ. ಬೈದು ಎಬ್ಬಿಸಿ ಹೆಜ್ಜೆ ಹಾಕಿಸಿದ್ದು ಯಾರು?"

ಮೇಷ್ಟ್ರು ಹಾಳೆಯನ್ನು ಮಡಚುತ್ತ ಮಡಚುತ್ತ, "ಅದನ್ನ ಎಷ್ಟನೇ ಅಂಶಕ್ಕೆ ಸೇರಿಸೋದು ಅಂತ ತಿಳೀಲಿಲ್ಲ ಕಣೇ" ಎಂದರು. ದನಿ ಒಡೆಯಿತು. ಹೆಬ್ಬೆರಳಪ್ಪ ಛಾವಣಿ ನೋಡುತ್ತ ಮೆಲ್ಲಗೆ ಜಾಗ ಖಾಲಿ ಮಾಡಿದ.

ಮೆಟ್ಟಿಲಿನ ತಿರುವಿನಲ್ಲಿ ಯಾರೂ ಇರಲಿಲ್ಲ. ತನ್ನ ಮಾತನ್ನೂ ಒಮ್ಮೆ ಹೇಳಿ ನೋಡಿಕೊಳ್ಳೋಣವೆಂದು ಕೋಲನ್ನು ಗೋಡೆಗೊರಗಿಸಿ ಮೆಟ್ಟಿಲ ಮೇಲೆ ಕೂತ. "ಅಕ್ಕಾ, ಜ್ವರದಲ್ಲಿದ್ದಾಗ ನನಗೆ ಏನೂ ಸರಿಯಾಗಿ ಕಾಣ್ತಿರಲಿಲ್ಲ. ನಿಮ್ಮ ದನಿ ಒಂದೇ ಕೇಳ್ತಿತ್ತು. ಆ ದನಿ ಹಿಡ್ಕೊಂಡೇ ನಾನು ವಾಪಸ್ ಬಂದಿದ್ದು. ನನ್ನ ಮಗಳ ಮುಖ ನೋಡಿದಾಗಲೆಲ್ಲ..." ಅಷ್ಟು ಹೇಳುವುದರಲ್ಲಿ ಗಂಟಲು ಕಟ್ಟಿ, ಕಣ್ಣೊರೆಸಿಕೊಂಡು ಎದ್ದ. ಆಮೇಲೆ ಬೆಳಕು ಚೆನ್ನಾಗಿರುತ್ತದೆಂದು ತಾರಸಿಗೆ ಹತ್ತಿ, ಗುಂಡಿ ಒತ್ತಿ, ಅದೇ ಮಾತನ್ನು ನೆಟ್ಟಗೆ ನಿಂತು, ಒಂದೂ ತಡವರಿಸದೆ ಒಪ್ಪಿಸಿ, ಗುಂಡಿ ಒತ್ತಿದ. ಭೇಷ್ ಎಂದು ತನಗೆ ತಾನೇ ಹೇಳಿಕೊಂಡ.

ಇನ್ನು ಉಳಿದದ್ದು ಕೆಳಗಿನ ಹೆಬ್ಬಾಗಿಲ ಒಂದು ಶಾಟು. ಅಲ್ಲಿಗೆ ಹೋಗಬೇಕಾದರೆ ದೂರು ದೊಡ್ಡಮ್ಮನ ಬಾಗಿಲು ದಾಟಬೇಕು.

ದೊಡ್ಡಮ್ಮ ಈ ಕಟ್ಟಡಕ್ಕೆ ಬಂದು ನಾಲ್ಕು ವರ್ಷ. ಒಂಟಿ ಜೀವ. ಚಪ್ಪಲಿಯ ಸದ್ದಿನ ಮೇಲೆ ದೂರು, ಹಾಲಿನವನ ಗಂಟೆಯ ಮೇಲೆ ದೂರು, ಮೇಲಿನ ಮನೆಯ ಒದ್ದೆ ಬಟ್ಟೆ ತೊಟ್ಟಿಕ್ಕುವುದರ ಮೇಲೆ ದೂರು. ನೀರಿನ ಪಂಪು ಅವರ ಗೋಡೆಗೇ ಅಂಟಿಕೊಂಡಿದ್ದರಿಂದ ಅದರ ಮೇಲೆ ವಾರಕ್ಕೆರಡು ದೂರು. ಅವರ ದನಿಯೋ, ತಗಡಿನ ಮೇಲೆ ಕಲ್ಲು ಸುರಿದ ಹಾಗೆ. ಅದರಲ್ಲೂ ಹೆಬ್ಬೆರಳಪ್ಪನನ್ನು ಕಂಡರೆ "ಏನಪ್ಪಾ, ಒಂದು ನಿಮಿಷ ನಿಲ್ಲು" ಎಂದು ಕರೆಯದೆ ಬಿಡುತ್ತಿರಲಿಲ್ಲ. ಅವನು "ಅಂಗಡಿಗೆ ಹೊತ್ತಾಯ್ತು ದೊಡ್ಡಮ್ಮಾ" ಎಂದು ಎರಡೆರಡು ಮೆಟ್ಟಿಲು ಹಾರದೆ ಇರುತ್ತಿರಲಿಲ್ಲ.

ಇಂದು ಹಾರಲು ಜಾಗವಿರಲಿಲ್ಲ. ಅವರು ಬಾಗಿಲಿಗೆ ಅಡ್ಡಲಾಗಿ ನಿಂತಿದ್ದರು. ತಲೆ ಬಾಚಿಕೊಂಡಿದ್ದರು, ಒಗೆದ ಸೀರೆ ಉಟ್ಟಿದ್ದರು.

"ಎಲ್ಲರದ್ದೂ ತೆಗೆದ್ಯಂತೆ. ನನ್ನದು?"

"ನಿಮ್ಮದಾ... ಪಟ್ಟೀಲಿ..."

"ಪಟ್ಟಿ ಗಿಟ್ಟಿ ಬೇಡ. ನನಗೂ ಒಂದು ಮಾತು ಹೇಳೋದಿದೆ. ಹಿಡಿ ಆ ಕೋಲು."

ಹೆಬ್ಬೆರಳಪ್ಪ ಉಪಾಯ ಮಾಡಿದ. ಕೋಲು ಹಿಡಿದ, ಗುಂಡಿ ಮಾತ್ರ ಒತ್ತಲಿಲ್ಲ. ಬರೀ ನಟನೆ. ಅದೇ ಹೊತ್ತಿಗೆ ಪಕ್ಕದ ಪಂಪು ಗುಡುಗಿಕೊಂಡು ಚಾಲೂ ಆಯಿತು. ದೊಡ್ಡಮ್ಮ ಅದರ ಕಡೆ ಕೈ ಬೀಸಿ, "ನೋಡು, ಈ ಪಂಪು..." ಎಂದು ಶುರುಮಾಡಿದ್ದಷ್ಟು ಕೇಳಿಸಿತು. ಆಮೇಲೆ ತುಟಿ ಅಲ್ಲಾಡಿದ್ದು ಮಾತ್ರ ಕಂಡಿತು. ಪಂಪಿನ ಪುರಾಣ ಮೂರು ನಿಮಿಷ ನಡೆಯಿತು. ಹೆಬ್ಬೆರಳಪ್ಪ ಸಂಜೆಯ ಕೆಲಸಗಳನ್ನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತ, ನಡುನಡುವೆ ತಲೆಯಾಡಿಸುತ್ತ ನಿಂತ. ದೊಡ್ಡಮ್ಮ ಕೊನೆಗೆ ಸೆರಗಿನಿಂದ ಮುಖ ಒರೆಸಿಕೊಂಡರು. ಸೆಕೆಯಿರಬೇಕು ಎಂದುಕೊಂಡ.

"ಬಂತಾ?" ಎಂದು ಕಿರುಚಿ ಕೇಳಿದರು.

"ತುಂಬಾ ಚೆನ್ನಾಗಿ ಬಂತು ದೊಡ್ಡಮ್ಮಾ!" ಎಂದು ಇವನೂ ಕಿರುಚಿದ.

ಊಟ ಮುಗಿಸಿ ಎಡಿಟಿಂಗಿಗೆ ಕೂತಾಗ ಒಂದೂವರೆ. ಮೊದಲ ತುಣುಕು ತೆರೆದ: ಡಬ್ಬ ಇಳಿಸುವುದು. ಎರಡನೆಯದು: ಕೋಟು ಕುರ್ಚಿಗೆ ಹಾರುವುದು. ಮೂರನೆಯದು: ಸೌಟು. ಸುವರ್ಣಾಕ್ಷರ ಎಲ್ಲಿ? ಏಳು ಅಂಶ ಎಲ್ಲಿ? ಹಿಂದೆ ಮುಂದೆ ಹುಡುಕಿದ. ತಾರಸಿಯ ಮೇಲೆ ತಾನು ಒಪ್ಪಿಸಿದ ಮಾತಿನ ಸುಳಿವೇ ಇಲ್ಲ. ನಿಧಾನವಾಗಿ ತಲೆಗೆ ಹೊಳೆಯಿತು. ಶುರು ಎಂದುಕೊಂಡು ಒತ್ತಿದಾಗಲೆಲ್ಲ ಅದು ನಿಂತಿತ್ತು. ನಿಂತಿತು ಎಂದುಕೊಂಡಾಗಲೆಲ್ಲ ಅದು ಓಡುತ್ತಿತ್ತು.

"ರೀ, ಯಾಕೆ ಹಾಗೆ ಬೆವರ್ತಿದೀರಿ? ಜ್ವರ ಗಿರ ಬಂತಾ?" ಎಂದು ಹೆಂಡತಿ ಹಣೆ ಮುಟ್ಟಿದಳು.

ಅವನು ಫೋನು ತೋರಿಸಿದ. ಅವಳು ಕಾರ್ಯದರ್ಶಿಗಳ ಮೂಗು ಒರೆಸುವಿಕೆ ನೋಡಿದಳು. ಮೇಷ್ಟ್ರ ಒಡೆದ ದನಿ ಕೇಳಿದಳು. ಮೆಟ್ಟಿಲ ಮೇಲೆ ಕೂತು ಗಂಟಲು ಕಟ್ಟಿಕೊಂಡ ತನ್ನ ಗಂಡನನ್ನು ನೋಡಿದಳು, ಎರಡು ಸಲ ನೋಡಿದಳು. ಆಮೇಲೆ ಫೋನು ವಾಪಸು ಕೊಟ್ಟು, "ಇದನ್ನೇ ಹಾಕಿ. ಭಾಷಣ ಯಾರಿಗ್ರೀ ಬೇಕು?" ಎಂದಳು.

ಅವನು ಕತ್ತರಿಸಲು ಕೂತ. ಡಬ್ಬ ಹೋಯಿತು, ಮೆಟ್ಟಿಲಿಳಿಯುವ ಕಾಲುಗಳು ಹೋದವು, ಛಾವಣಿ ಹೋಯಿತು. ಕೊನೆಗೆ ದೊಡ್ಡಮ್ಮನ ಮೂರು ನಿಮಿಷ ಬಂತು. ಪಂಪಿನ ಮೊರೆತ, "ನೋಡು, ಈ ಪಂಪು..." ಅಷ್ಟು ಕೇಳಿದ್ದೇ ತಡ, ಮೇಜು ಕುಟ್ಟಿದ ಫೋನಿನ ಮೇಷ್ಟ್ರು ನೆನಪಾದರು. ಕನಿಕರ ಬೇಡ. ಕತ್ತರಿಸಿದ. ಫೋನಿನಲ್ಲಿ ಜಾಗ ಸಾಲದೆಂದು ಎಚ್ಚರಿಕೆ ಬಂತು. ಕತ್ತರಿಸಿದ್ದನ್ನೆಲ್ಲ ಬುಡಸಮೇತ ಅಳಿಸಿಯೂ ಹಾಕಿದ.

ಐದಕ್ಕೆ ಕಾರ್ಯದರ್ಶಿಗಳ ದೊಡ್ಡ ಟಿವಿಯನ್ನು ನಾಲ್ಕು ಜನ ಹೊತ್ತು ಕೆಳಗೆ ತಂದರು. ಸಿಸ್ಟರಮ್ಮನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ವಿಡಿಯೋ ಶುರುವಾಯಿತು.

ತೆರೆಯ ಮೇಲೆ ಪೈಜಾಮ ಪೂರ್ತಿ ಕಂಡಾಗ ಕಾರ್ಯದರ್ಶಿಗಳು "ಏಯ್!" ಎಂದು ಎದ್ದು ನಿಂತರು. ಅಷ್ಟರಲ್ಲಿ ಅವರಮ್ಮನ ಮಾತು ಬಂತು. ಹಾಗೇ ಕೂತರು. ಮೇಷ್ಟ್ರು ಹಾಳೆ ಮಡಚುವಾಗ ಅವರ ಹೆಂಡತಿ ಎಲ್ಲರೆದುರೇ ಗಂಡನ ಕೈ ಹಿಡಿದುಕೊಂಡರು. ಜನ ನಕ್ಕರು, ನಗುತ್ತಲೇ ಮೂಗೆಳೆದರು. ಕೊನೆಗೆ ಮೆಟ್ಟಿಲ ಮೇಲೆ ಕೂತ ಹೆಬ್ಬೆರಳಪ್ಪ ಬಂದ. ಒಂದಿಷ್ಟೂ ಮಸುಕಿಲ್ಲ, ಎಲ್ಲೂ ಬೆರಳಿಲ್ಲ. ನಲವತ್ತು ಸೆಕೆಂಡು. "ಆ ದನಿ ಹಿಡ್ಕೊಂಡೇ ನಾನು ವಾಪಸ್ ಬಂದಿದ್ದು" ಎಂದಾಗ ಹಿಂದಿನ ಸಾಲಿನವರೂ ಮುಂದಕ್ಕೆ ಬಾಗಿದರು. ಆಮೇಲೆ ಚಪ್ಪಾಳೆಯೋ ಚಪ್ಪಾಳೆ. ಕಾರ್ಯದರ್ಶಿಗಳೇ ಬಂದು ಅವನನ್ನು ತಬ್ಬಿಕೊಂಡರು. ಬಾಳಿನಲ್ಲಿ ಮೊದಲ ಸಲ ಅವನ ವಿಡಿಯೋ ಒಂದನ್ನು ಜನ ಕೊನೆಯವರೆಗೆ ನೋಡಿದ್ದರು.

ಸಿಸ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ಅವನ ಎರಡೂ ಕೈ ಹಿಡಿದುಕೊಂಡರು.

"ನನ್ನ ಜೀವಮಾನದಲ್ಲಿ ಇಂಥ ಉಡುಗೊರೆ ಯಾರೂ ಕೊಟ್ಟಿರಲಿಲ್ಲ ಕಣಪ್ಪಾ. ಆದ್ರೆ..." ಎಂದು ತಡೆದರು. "ಹೇಗೆ ಹೇಳ್ಲಿ? ಆ ವಾರ ನಾನು ರಜೆಯಲ್ಲಿದ್ದೆ. ತಂಗಿ ಊರಿಗೆ ಹೋಗಿದ್ದೆ. ನೀನು ಕಣ್ಣುಬಿಟ್ಟ ದಿನ ಬೆಳಿಗ್ಗೆಯಷ್ಟೇ ವಾಪಸ್ ಬಂದು ಡ್ಯೂಟಿಗೆ ನಿಂತಿದ್ದು."

ಹೆಬ್ಬೆರಳಪ್ಪ ಒಮ್ಮೆ ಟಿವಿ ನೋಡಿದ, ಒಮ್ಮೆ ಅವರ ಮುಖ ನೋಡಿದ.

"ಹಂಗಾದ್ರೆ ನನ್ನ ಸ್ಕ್ರೂ ಏಳು ವರ್ಷದಿಂದ ಬಿಗಿ ಮಾಡ್ತಿದ್ದದ್ದು ಇದಕ್ಕಾ? ಒಳ್ಳೆ ಹುಡುಗ ಅಂತ ಮಾತ್ರ ಅಂದ್ಕೊಂಡಿದ್ದೆ" ಎಂದರು ಸಿಸ್ಟರಮ್ಮ.

"ಮತ್ತೆ... ಅಲ್ಲಿ ಕೂತಿದ್ದವರು ಯಾರು ಅಕ್ಕಾ?"

ಸಿಸ್ಟರಮ್ಮ ಹಿಂದಿನ ಸಾಲಿನ ಕಡೆ ನೋಡಿದರು. ಅಲ್ಲಿ ದೂರು ದೊಡ್ಡಮ್ಮ ಎದ್ದು ನಿಂತಿದ್ದರು.

"ಬೆಳಿಗ್ಗೆ ಹೇಳಿದ್ನಲ್ಲಪ್ಪಾ. ಎಲ್ಲಿ ಹೋಯ್ತು ನನ್ನದು?"

"ಏನು... ಏನು ಹೇಳಿದ್ರಿ ದೊಡ್ಡಮ್ಮಾ?"

"ಇದೇ. ವಾರ್ಡಲ್ಲಿ ನಿನ್ನ ಪಕ್ಕದ ಮಂಚ ನಮ್ಮನೆಯೋರದು. ತಿಂಗಳಿಡೀ ಅಲ್ಲೇ ಇದ್ದೆ. ಅವರು ನಿದ್ದೆ ಹೋದಾಗ ಈ ಕಡೆ ನೀನು ನೀರು ನೀರು ಅಂತಿದ್ದೆ. ಅವರ ಬಟ್ಟೆ ಹಿಂಡಿದ ಮೇಲೆ ನಿನ್ನದೂ ಹಿಂಡ್ತಿದ್ದೆ, ಅಷ್ಟೇ. ಅವರು ಉಳೀಲಿಲ್ಲ. ನೀನು ಉಳಿದೆ." ದೊಡ್ಡಮ್ಮ ಸೆರಗು ಸರಿಮಾಡಿಕೊಂಡರು. "ನನಗೆ ಇಲ್ಲಿ ಮನೆ ಹುಡುಕಿಕೊಟ್ಟಿದ್ದು ಸಿಸ್ಟರು. ಅದಕ್ಕೆ ಅವರಿಗೊಂದು ಮಾತು ಹೇಳಿದೆ. ಇಲ್ಲಿಗೆ ಬಂದ ಮೊದಲ ದಿನವೇ ಮೆಟ್ಟಿಲ ಮೇಲೆ ನಿನ್ನ ನೋಡಿದೆ, ನೀನು ಮಗೂನ ಎತ್ಕೊಂಡಿದ್ದೆ, ಎಷ್ಟು ಸಂತೋಷ ಆಯ್ತು ಅಂತಾನೂ ಹೇಳಿದೆ."

"ನಾಲ್ಕು ವರ್ಷದಲ್ಲಿ ಒಂದು ಸಲಾನೂ ಹೇಳ್ಲಿಲ್ವಲ್ಲ ದೊಡ್ಡಮ್ಮಾ!"

"ನೀನು ನಿಂತ್ರೆ ತಾನೇ? ದಿನಾ ಕರೀತಿದ್ದೆ. ಪಂಪಿನ ವಿಷಯದಿಂದ ಮಾತು ಶುರು ಮಾಡೋಣ ಅನ್ನೋಷ್ಟರಲ್ಲಿ ನೀನು ಹೆಬ್ಬಾಗಿಲ ಆಚೆ. ನನಗೆ ಬೇರೆ ಥರ ಮಾತು ಶುರು ಮಾಡೋಕೆ ಬರಲ್ಲಪ್ಪಾ."

ಇಷ್ಟನ್ನೂ ಅವರು ಮೆತ್ತಗೆ ಹೇಳಿದ್ದರು. ಆ ಕಟ್ಟಡದಲ್ಲಿ ದೊಡ್ಡಮ್ಮನ ಮೆತ್ತಗಿನ ದನಿಯನ್ನು ಯಾರೂ ಕೇಳಿರಲಿಲ್ಲ, ಹೆಬ್ಬೆರಳಪ್ಪನನ್ನು ಬಿಟ್ಟು. ಅವನು ಅದನ್ನು ಐದು ಹಗಲು ಐದು ರಾತ್ರಿ ಕೇಳಿದ್ದ. ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತ.

"ಅದು ಸರಿ, ನನ್ನ ಮಾತು ಎಲ್ಲಿ?" ದೊಡ್ಡಮ್ಮ ಬಿಡಲಿಲ್ಲ.

"ಅಳಿಸಿಬಿಟ್ಟೆ" ಎಂದ, ಬಾವಿಯೊಳಗಿಂದ ಬಂದಂತಹ ದನಿಯಲ್ಲಿ. ಆಗ ತಬ್ಬಿಕೊಂಡಿದ್ದ ಕಾರ್ಯದರ್ಶಿಗಳು ಮೆಲ್ಲಗೆ ಎರಡು ಹೆಜ್ಜೆ ಹಿಂದೆ ಸರಿದರು. ಇಡೀ ಕಟ್ಟಡ ಅವನನ್ನು ನೋಡಿದ ನೋಟದ ಮುಂದೆ ಆ ಹದಿನಾಲ್ಕು ನಿಮಿಷದ ವಿಡಿಯೋ ಎಷ್ಟೋ ವಾಸಿ ಎನಿಸಿತು.

ಆರಕ್ಕೆ ವ್ಯಾನು ಬಂತು. ಸಿಸ್ಟರಮ್ಮ ಹತ್ತುವ ಮುಂಚೆ ಅವನ ಕಿವಿಯಲ್ಲಿ, "ನನ್ನ ಪಾಲಿನ ನಲವತ್ತು ಸೆಕೆಂಡನ್ನ ಅವರಿಗೆ ಕೊಟ್ಟುಬಿಡಪ್ಪಾ" ಎಂದರು. ವ್ಯಾನು ತಿರುವು ದಾಟುವ ಮೊದಲೇ ದೊಡ್ಡಮ್ಮ ಅವನ ತೋಳು ಹಿಡಿದಿದ್ದರು.

"ನಡಿ ಮನೆಗೆ. ಬೆಳಕಿದ್ದಾಗಲೇ ತೆಗೆದುಬಿಡು. ನನಗೆ ಹೇಳಬೇಕಾದ ಮಾತನ್ನ ನನಗೇ ಹೇಳು."

ಕಟ್ಟಡದವರೆಲ್ಲ ಹಿಂದೆಯೇ ಬಂದು ಆ ಪುಟ್ಟ ಕೋಣೆಯಲ್ಲಿ ತುಂಬಿಕೊಂಡರು. ಫೋನು ಹಿಡಿದವಳು ಹೆಂಡತಿ. ಮೇಷ್ಟ್ರು ಕೈಗಡಿಯಾರ ಬಿಚ್ಚಿ ಸೆಕೆಂಡು ಎಣಿಸಲು ನಿಂತರು. ಹೆಬ್ಬೆರಳಪ್ಪ ದೊಡ್ಡಮ್ಮನ ಎದುರು ಸ್ಟೂಲಿನ ಮೇಲೆ ಕೂತು ಮೊದಲ ಸಲ ಓಡದೆ ಅವರ ಮುಖ ನೋಡಿದ. ಮಾಸ್ಕಿನ ಮೇಲೆ ಕಂಡಿದ್ದ ಅವೇ ಎರಡು ಕಣ್ಣು. ಹೇಳಿದ. ತಡವರಿಸುತ್ತ, ತಪ್ಪುತ್ತ, ಹೃದಯದಿಂದ ಹೇಳಿದ. ಬಾಗಿಲಲ್ಲಿ ನಿಂತವರು ಕಣ್ಣೊರೆಸಿಕೊಂಡರು.

ದೊಡ್ಡಮ್ಮ ಪೂರ್ತಿ ಕೇಳಿಸಿಕೊಂಡು ತಲೆಯಾಡಿಸಿದರು.

"ಚೆನ್ನಾಗಿದೆ. ಆದ್ರೆ ಮೇಷ್ಟ್ರೇ, ಎಷ್ಟಾಯ್ತು?"

"ಮೂವತ್ತೊಂದು ಸೆಕೆಂಡು."

"ಅವರಿಗೆ ನಲವತ್ತು, ನನಗೆ ಮೂವತ್ತೊಂದಾ? ಅಲ್ಲದೆ ಅವರಿಗೆ ಹೇಳುವಾಗ ಗಂಟಲು ಕಟ್ಟಿತ್ತು. ನನಗೆ ಹೇಳುವಾಗ ಕಟ್ಟಲೇ ಇಲ್ಲ. ಇನ್ನೊಂದು ಸಲ."

ಎರಡನೇ ಸಲ ಸ್ಟೂಲು ಕಿರ್ ಎಂದಿತೆಂದು ದೂರು. ಮೂರನೇ ಸಲ ಕಾರ್ಯದರ್ಶಿಗಳು ಕೆಮ್ಮಿದರೆಂದು ದೂರು. ನಾಲ್ಕನೇ ಸಲ ಅವನು ಬಹಳ ಅತ್ತನೆಂದು, ಐದನೇ ಸಲ ಸಾಲದೆಂದು ದೂರು. ಆರನೇ ಸಲ ಅವನಿಗೆ ನಗು ಉಕ್ಕಿ ಬಂತು, ಅಳುವೂ ಉಕ್ಕಿ ಬಂತು, ಎರಡೂ ಸೇರಿ ಗಂಟಲು ಪೂರ್ತಿ ಕಟ್ಟಿ ಒಂದಕ್ಷರವೂ ಹೊರಡಲಿಲ್ಲ. ಅವನು ಸುಮ್ಮನೆ ಬಾಗಿ ದೊಡ್ಡಮ್ಮನ ಮಂಡಿಯ ಮೇಲೆ ಹಣೆಯಿಟ್ಟ. ಅವರ ಕೈ ತಾನಾಗಿಯೇ ಅವನ ಹಣೆಗೆ ಹೋಗಿ, ಜ್ವರ ನೋಡುವವರಂತೆ ಅಲ್ಲೇ ನಿಂತಿತು. ಮೇಷ್ಟ್ರು ಎಣಿಸುವುದನ್ನು ಮರೆತರು.

ಬಹಳ ಹೊತ್ತಾದ ಮೇಲೆ ದೊಡ್ಡಮ್ಮ ಕೈ ತೆಗೆದು, ಕಿಟಕಿಯ ಕಡೆ ನೋಡಿ ಗಂಟಲು ಸರಿಪಡಿಸಿಕೊಂಡರು.

"ಇದು ಪರವಾಗಿಲ್ಲ. ಆದ್ರೆ ಮುಖ ಕಾಣ್ಲಿಲ್ಲ, ಮಾತೂ ಕೇಳ್ಲಿಲ್ಲ, ಬೆಳಕೂ ಹೋಯ್ತು. ನಾಳೆ ಬೆಳಿಗ್ಗೆ ಏಳಕ್ಕೆ ಬಾ."

"ನಾಳೆ ಭಾನುವಾರ ದೊಡ್ಡಮ್ಮಾ."

"ಗೊತ್ತು. ಅದಕ್ಕೇ ಸಂಜೆವರೆಗೂ ಟೈಮಿದೆ."